ಹಿತ್ತಿಲ ಬಾಗಿಲಿನ ಸ್ವಿಚ್ಚು

ಅಣ್ಣಾ,

ನಿನ್ನ ಕಮಲಿ ಬರೆಯುತ್ತಿದ್ದೇನೆ. ನಿನಗೆ ಕಾಗದ ಬರೆಯುವ ಅಗತ್ಯ ನನಗೆ ಯಾವತ್ತೂ ಬಿದ್ದಿರಲಿಲ್ಲ. ಒಂದೇ ಬೀದಿ, ನಡುವೆ ನಾಲ್ಕಾರು ಮನೆ. ಮಗ್ಗದ ಸದ್ದನ್ನು ಮೀರಿ ಕೂಗಿದರೆ ನಿನಗೆ ಕೇಳುತ್ತಿತ್ತು. ಈಗ ಎಷ್ಟು ಕೂಗಿದರೂ... ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಿತ್ತಿಲಲ್ಲಿ ಒಂದು ಅನಾಹುತ ನಡೆದುಹೋಯಿತು. ಲಲಿತತ್ತಿಗೆ ಬದುಕಿದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಮುಂದೆ ಓದುವವನಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನೀನು ಆ ಹುಲ್ಲು ತಂದ ದಿನ ನೆನಪಾಗುತ್ತದೆ. ಬೆಂಗಳೂರಿಗೆ ಸೀರೆ ಕೊಟ್ಟು ಬರಲು ಹೋದವನು ಸೇಟಿನ ಮನೆಯ ಮುಂದೆ ಹುಲ್ಲುಹಾಸು ನೋಡಿಕೊಂಡು ಬಂದೆ. ಆಮೇಲೆ ಊಟಕ್ಕೆ ಕೂತರೂ ಅದೇ ಮಾತು, ಮಗ್ಗಕ್ಕೆ ಎಣ್ಣೆ ಬಿಡುವಾಗಲೂ ಅದೇ ಮಾತು. ಕೊನೆಗೆ ಮಣ್ಣುಸಮೇತ ಹುಲ್ಲನ್ನು ಗೋಣಿಚೀಲಗಳಲ್ಲಿ ತುಂಬಿಸಿ ಬಸ್ಸಿನ ಟಾಪ್ ಮೇಲೆ ಹಾಕಿಸಿಕೊಂಡು ದೊಡ್ಡಬಳ್ಳಾಪುರಕ್ಕೆ ತಂದೇಬಿಟ್ಟೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿಸುವಾಗ ಯಾರೋ, "ಏನಪ್ಪಾ, ಹಸ ಕಟ್ಟಿದ್ದೀಯಾ?" ಎಂದು ಕೇಳಿದರೆ, "ಇಲ್ಲ ಗುರು, ಇದು ಹಸ ತಿನ್ನೋ ಹುಲ್ಲಲ್ಲ, ಮನುಷ್ಯ ನೋಡೋ ಹುಲ್ಲು" ಎಂದೆಯಂತೆ. ಬಣ್ಣ ಹಾಕಿದ ನೂಲು ಒಣಗಿಸುತ್ತಿದ್ದ ಹಿತ್ತಿಲು ಒಂದು ಮಳೆಗಾಲದಲ್ಲಿ ಹಸಿರಾಯಿತು. ಸುತ್ತ ಬೇಲಿಗೆ ಡುರಾಂಟ ಗಿಡ, ಮೂಲೆಗೆ ಕಾಕಡ ಮಲ್ಲಿಗೆ. ನೇಕಾರರ ಬೀದಿಯಲ್ಲಿ ಅಂಥ ಹಿತ್ತಿಲು ಇನ್ನೊಂದಿರಲಿಲ್ಲ. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರೋ!

ಹುಲ್ಲು ಬೆಳೆಯುತ್ತದೆ ಎಂಬುದೇ ನಿನಗೆ ಹೊಳೆದಿರಲಿಲ್ಲ ನೋಡು. ಕುಡುಗೋಲಿನಲ್ಲಿ ಕೊಯ್ದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ ಎಂದು ಮುಖ ಸಿಂಡರಿಸಿದೆ. ಆಗ ನೂಲು ಸುತ್ತುವ ಯಂತ್ರದ ಮೋಟರು ಬಿಚ್ಚಿಕೊಂಡೆ. ಅದನ್ನು ಕಬ್ಬಿಣದ ತಗಡಿನ ಮೇಲೆ ಬೋಲ್ಟು ಹಾಕಿ ಕೂರಿಸಿದೆ. ಕೆಳಗೆ ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಸಾಣೆ ಹಿಡಿಸಿ ಮಾಡಿದ ಬ್ಲೇಡು, ಗುಜರಿಯಿಂದ ತಂದ ಮಕ್ಕಳ ಸೈಕಲ್ಲಿನ ಚಕ್ರ, ನೂಕಲು ನೀರಿನ ಪೈಪಿನ ಹಿಡಿ. ಅಡುಗೆಮನೆಯ ಕಿಟಕಿಯಿಂದ ಎರಡೆಳೆ ವೈರು ಎಳೆದು, ಎರಡು ಕಡ್ಡಿಯ ಪ್ಲಗ್ಗು ಚುಚ್ಚಿ ಅದನ್ನು ಓಡಿಸಿದ ದಿನ ಬೀದಿಯ ಅರ್ಧ ಜನ ನಿನ್ನ ಕಾಂಪೌಂಡಿನ ಮೇಲಿದ್ದರು. ಹುಲ್ಲಿನ ಚೂರು ಹಾರಿ ನಿನ್ನ ಮೀಸೆಗೆಲ್ಲ ಅಂಟಿತ್ತು. ನೀನು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಆ ಯಂತ್ರ ನನ್ನನ್ನು ಮೊದಲ ಸಲ ಮುಟ್ಟಿದ್ದು ಒಂದು ಯುಗಾದಿಯ ಹಿಂದಿನ ದಿನ. ನೀನು ನೀರು ಕುಡಿಯಲು ಹೋಗಿದ್ದಾಗ ಪಕ್ಕಕ್ಕೆ ಸರಿಸೋಣವೆಂದು ಪೈಪಿಗೆ ಕೈಹಾಕಿದೆ. ಬೆರಳಿನಿಂದ ಮೊಳಕೈವರೆಗೆ ಇರುವೆ ಸಾಲು ಓಡಿದ ಹಾಗಾಯಿತು. ಚೀರಿಕೊಂಡು ಹಿಂದೆ ಬಂದೆ. ನೀನು ಚೊಂಬು ಹಿಡಿದು ನಿಂತಲ್ಲೇ ನಗತೊಡಗಿದೆ.

"ಜುಮ್ ಅಂತಾ? ಅಷ್ಟೇ ಕಣೇ ಅದು. ಕಚಗುಳಿ. ಮಗ್ಗದ ಮನೇಲಿ ಹುಟ್ಟಿ ಇದಕ್ಕೆ ಹೆದರ್ತೀಯಲ್ಲೇ!"

"ಕರೆಂಟು ಅಣ್ಣ ಅದು!"

"ಕರೆಂಟು ನಮ್ಮನೆ ನಾಯಿ ಇದ್ದಂಗೆ. ಅಪರೂಪಕ್ಕೆ ಬಂದೋರಿಗೆ ಬೊಗಳುತ್ತೆ, ನಮಗೆ ಏನೂ ಮಾಡಲ್ಲ."

ಮಗ್ಗದ ಹಿರಿಯ ಕೆಲಸಗಾರ ಹನುಮಂತಣ್ಣನೂ ಕಿಟಕಿಯಲ್ಲಿ ಇಣುಕಿ ನಿನ್ನ ಜೊತೆ ನಕ್ಕ. ಮಗ್ಗಕ್ಕೆ ಕರೆಂಟು ಬಂದಿದೆಯೋ ಇಲ್ಲವೋ ಎಂದು ನೀವಿಬ್ಬರೂ ಬೆರಳಿನ ಹಿಂಬದಿ ತಾಗಿಸಿ ನೋಡುತ್ತಿದ್ದವರು ತಾನೆ? ನಮ್ಮ ಮನೆಯವರು ಎಷ್ಟು ಸಲ ಹೇಳಿದರು! ಫ್ಯಾಕ್ಟರಿಯಲ್ಲಿ ಮೆಷಿನ್ನು ರಿಪೇರಿ ಮಾಡುವವರು, ಅವರಿಗೆ ಗೊತ್ತಿತ್ತು. "ಅರ್ಥಿಂಗ್ ಇಲ್ಲದ ಮೋಟ್ರಿಗೆ ಕಬ್ಬಿಣದ ಹಿಡಿ ಹಾಕವ್ರೆ ನಿಮ್ಮಣ್ಣ. ಮೂರೆಳೆ ವೈರ್ ಎಳಿಯೋಣ, ಭಾನುವಾರ ಬರ್ತೀನಿ ಅಂದ್ರೆ ಕೇಳಲ್ಲ" ಎಂದು ನನ್ನ ಹತ್ತಿರ ಗೊಣಗುತ್ತಿದ್ದರು. ನೀನು ಅವರಿಗೆ ಏನೆನ್ನುತ್ತಿದ್ದೆ? "ಭಾವ, ನಿಮಗೆ ಫ್ಯಾಕ್ಟರಿ ಭಯ" ಎನ್ನುತ್ತಿದ್ದೆ.

ಆಮೇಲಿನ ಭಾನುವಾರಗಳು ಕಣ್ಣಿಗೆ ಕಟ್ಟಿದ ಹಾಗಿವೆ. ಮಧ್ಯಾಹ್ನದ ಬಿಸಿಲಿಗೆ ಹುಲ್ಲು ಒಣಗಿದ ಮೇಲೆ ನೀನು ಟೈರಿನ ಚಪ್ಪಲಿ ಮೆಟ್ಟಿಕೊಂಡು ಯಂತ್ರ ನೂಕುತ್ತಿದ್ದೆ. ಅತ್ತಿಗೆ ಹಿತ್ತಿಲ ಮೆಟ್ಟಿಲ ಮೇಲೆ, ಬಾಗಿಲಿಗೆ ಒರಗಿ ಕೂತಿರುತ್ತಿದ್ದರು. ಮಡಿಲಲ್ಲಿ ಕಾಕಡ ಮೊಗ್ಗು, ಬಾಳೆನಾರು. ಆದರೆ ನೀನು ಹುಲ್ಲು ಕತ್ತರಿಸಿ ಮುಗಿಸುವ ಹೊತ್ತಿಗೂ ಒಂದು ಗೇಣು ಹೂವೂ ಕಟ್ಟಿರುತ್ತಿರಲಿಲ್ಲ. "ಗಂಡನ್ನ ನೋಡ್ತಾ ಕೂತ್ರೆ ಹೂ ಕಟ್ಟೋದು ಯಾವಾಗ ಅತ್ತಿಗೆ?" ಎಂದು ನಾನು ರೇಗಿಸುತ್ತಿದ್ದೆ. ಅವರು ನನ್ನತ್ತ ತಿರುಗುತ್ತಲೂ ಇರಲಿಲ್ಲ. ನೀನು ದೂರದಿಂದ ಹಲ್ಲು ಬಿಡುತ್ತಿದ್ದೆ.

ಹೊಸಕೋಟೆಯ ಆ ಮದುವೆಯ ದಿನವನ್ನು ಬರೆಯಲೇ? ಬೇಡ. ಊಟದ ಪಂಕ್ತಿಯಲ್ಲಿ ಪಕ್ಕದವರ ಹತ್ತಿರ ಮಾತಾಡುತ್ತಿದ್ದವನು ಎದೆ ಹಿಡಿದುಕೊಂಡೆ, ಅಷ್ಟೇ. ಜೀಪಿನಲ್ಲಿ ಹಾಕುವಷ್ಟರಲ್ಲಿ... ಹೃದಯ ನಿಂತಿದೆ ಎಂದರು ಡಾಕ್ಟರು. ಅತ್ತಿಗೆ ಅವರನ್ನು ಒಂದು ಮಾತು ಕೇಳಿದರು: "ಇವರಿಗೆ ಆಗಾಗ ಕರೆಂಟು ಜುಮ್ ಅಂತಿತ್ತು, ಅದಕ್ಕೇನಾದ್ರೂ ಆಯ್ತಾ?" ಸಂಬಂಧವಿಲ್ಲಮ್ಮ ಎಂದರು. ಅತ್ತಿಗೆ ಮತ್ತೆ ಅದನ್ನೇ ಕೇಳಿದರು. ದುಃಖದಲ್ಲಿ ಏನೋ ಕೇಳುತ್ತಿದ್ದಾರೆ ಎಂದುಕೊಂಡು ನಾವು ಅವರನ್ನು ಪಕ್ಕಕ್ಕೆ ಕರೆದುಕೊಂಡು ಹೋದೆವು.

ನಿನ್ನ ವರ್ಷದ ತಿಥಿ ಹತ್ತಿರ ಬಂದಾಗ ಅತ್ತಿಗೆ ಹಿತ್ತಿಲ ಬಾಗಿಲು ತೆರೆದರು. ನೀನು ಹೋದಾಗಿನಿಂದ ಆ ಬಾಗಿಲು ಹೆಚ್ಚು ತೆರೆದಿರಲಿಲ್ಲ. ಹುಲ್ಲು ಮೊಣಕಾಲಿಗೆ ಬಂದಿತ್ತು. ಹಿಂದಿನ ದಿನ ಸಂಜೆ ಗುಡುಗು ಮಳೆ ಬೇರೆ. ಬೆಳಿಗ್ಗೆ ಅಕ್ಕಿ ಆರಿಸಿಕೊಡಲು ನಾನು ಹೋದರೆ, ಅತ್ತಿಗೆ ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲಿ ನಿನ್ನ ಯಂತ್ರವನ್ನು ಹೊರಗೆಳೆಯುತ್ತಿದ್ದಾರೆ!

"ಅತ್ತಿಗೆ, ಯಾರಾದ್ರೂ ಆಳು ಕರೆಸಿ ಕೊಯ್ಸೋಣ."

"ಅವರ ಹುಲ್ಲಿಗೆ ಇನ್ನೊಬ್ರು ಕುಡುಗೋಲು ಹಾಕೋದು ನಂಗಿಷ್ಟ ಇಲ್ಲ ಕಮಲಾ. ನೆಂಟ್ರು ಬರ್ತಾರೆ. ಅವರು ಇಟ್ಟಂಗೆ ಇರ್ಲಿ. ನೀನು ಒಂದು ಕೆಲ್ಸ ಮಾಡು, ಬಾ. ಈ ಮೆಟ್ಟಿಲ ಮೇಲೆ ಕೂತ್ಕೋ. ಸ್ವಿಚ್ಚಿನ ಮೇಲೆ ಬೆರಳಿಟ್ಟಿರು. ಕಣ್ಣು ನನ್ನ ಮೇಲೇ ಇರ್ಬೇಕು, ಅತ್ತಿತ್ತ ಹೋಗ್ಬಾರ್ದು."

"ಯಾಕೆ?"

"ನಾನೂ ಹಿಂಗೇ ಕೂತಿರ್ತಿದ್ದೆ."

ಅಣ್ಣ, ಅತ್ತಿಗೆ ಹಾಗೆ ಕಾವಲು ಕೂತಿರುತ್ತಿದ್ದದ್ದು ನಿನಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಎಂದು ಹೇಳಿ ಅತ್ತಿಗೆ ಅಲ್ಲೇ ಎಲ್ಲ ಬಿಚ್ಚಿಟ್ಟರು. ಯಂತ್ರ ಮಾಡಿದ ಹೊಸದರಲ್ಲಿ ಒಮ್ಮೆ, ನೀನು ಬರಿಗಾಲಲ್ಲಿದ್ದಾಗ, ಆ ಪೈಪು ನಿನ್ನ ಕೈ ಕಚ್ಚಿಕೊಂಡು ಬಿಡಲಿಲ್ಲವಂತೆ. ಅಡುಗೆಮನೆಯಲ್ಲಿದ್ದ ಅತ್ತಿಗೆ ನಿನ್ನ ಮುಖ ನೋಡಿ, ವೈರು ಹಿಡಿದು ಎಳೆದುಬಿಟ್ಟರಂತೆ. ಪ್ಲಗ್ಗು ಕಿತ್ತು ಬಂತು, ನೀನು ಅಂಗಾತ ಬಿದ್ದೆ. ಎದ್ದು ಮೈ ಒದರಿಕೊಂಡು, "ಭಾವನಿಗೆ ಗೊತ್ತಾದ್ರೆ ನಗ್ತಾರೆ, ಯಾರಿಗೂ ಹೇಳ್ಬೇಡ" ಎಂದು ಅತ್ತಿಗೆ ಕೈಯಲ್ಲಿ ಆಣೆ ಹಾಕಿಸಿಕೊಂಡೆ. ಅವರು ಹೇಳಲಿಲ್ಲ. ಆದರೆ, "ಹಿತ್ತಿಲ ಬಾಗಿಲ ಹತ್ರ ಒಂದು ಸ್ವಿಚ್ ಹಾಕ್ಕೊಡಿ, ನಿಮಗೆ ಅನುಕೂಲ" ಎಂದು ಬೆನ್ನು ಹತ್ತಿ, ಪ್ಲಗ್ಗು ಚುಚ್ಚುವ ಜಾಗವೂ ಸ್ವಿಚ್ಚೂ ಇರುವ ಆ ಬೋರ್ಡು ಹಾಕಿಸಿದರು. ನೀನು ಹುಲ್ಲು ಕತ್ತರಿಸುವ ಪ್ರತಿ ಭಾನುವಾರವೂ ಅವರ ಬಲಗೈ ಬಾಗಿಲ ಸಂದಿಯಲ್ಲಿ ಆ ಸ್ವಿಚ್ಚಿನ ಮೇಲಿರುತ್ತಿತ್ತು. ಒಂದು ಕೈಯಲ್ಲಿ ಹೂ ಕಟ್ಟಲು ಯಾರಿಗಾದರೂ ಬರುತ್ತದೆಯಾ?

ನನಗೆ ಅದನ್ನು ಅರಗಿಸಿಕೊಳ್ಳುವುದಕ್ಕೂ ಆಗಿರಲಿಲ್ಲ. "ಇಷ್ಟೆಲ್ಲ ಗೊತ್ತಿದ್ದೂ ಇದನ್ನ ಯಾಕೆ ಮುಟ್ತೀರಿ?" ಎಂದೆ. "ನೀನಿದ್ದೀಯಲ್ಲ" ಎಂದು ನಕ್ಕು ಹೊರಟೇಬಿಟ್ಟರು. ಸ್ವಿಚ್ಚು ಹಾಕಿದೆ. ಯಂತ್ರ ಗುರ್ರೆಂದಿತು. ಒಂದು ಸಾಲು ಮುಗಿಸಿ ತಿರುಗಿದರು. ಒದ್ದೆ ಹುಲ್ಲು ಬ್ಲೇಡಿಗೆ ಸುತ್ತಿಕೊಂಡು ಸದ್ದು ಭಾರವಾಯಿತು. ಅತ್ತಿಗೆ ಜೋರಾಗಿ ನೂಕಿದರು. ಅಷ್ಟೇ ಅಣ್ಣ. ಕೂಗಲಿಲ್ಲ, ಏನೂ ಇಲ್ಲ. ನಿಂತರು. ಹಲ್ಲು ಕಚ್ಚಿಕೊಂಡಿತ್ತು, ಕತ್ತಿನ ನರ ಹಗ್ಗದ ಹಾಗೆ ಎದ್ದಿತ್ತು. ಬೆರಳುಗಳು ಪೈಪನ್ನು ಹಿಂಡುತ್ತಿದ್ದವು.

ನಾನು ಸ್ವಿಚ್ಚು ಒತ್ತಿದೆ. ಒತ್ತಿದೆ ಅಣ್ಣ, ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತೇನೆ. ಬ್ಲೇಡು ನಿಂತಿತು. ಸದ್ದು ನಿಂತಿತು. ಅತ್ತಿಗೆಯನ್ನು ಮಾತ್ರ ಅದು ಬಿಡಲಿಲ್ಲ.

ಸತ್ತ ಯಂತ್ರವನ್ನು ಹಿಡಿದುಕೊಂಡು ಅವರು ಹಾಗೇ ನಿಂತಿದ್ದರು, ಮೈ ಸಣ್ಣಗೆ ನಡುಗುತ್ತಿತ್ತು. ಸ್ವಿಚ್ಚು ಆರಿದೆ, ಇನ್ನು ಹೆದರಿಕೆಯಿಲ್ಲ ಎಂದು ನಾನು ಹಿಡಿದುಕೊಳ್ಳಲು ಓಡಿದೆ. ಕೈ ಚಾಚಿದ್ದೆ. ಅವರ ಕಣ್ಣು, ಬರೀ ಕಣ್ಣು, ನನ್ನತ್ತ ಹೊರಳಿತು. ಬಾರದಿರು ಎಂದಿತೋ, ಬಾ ಎಂದಿತೋ ನನಗೆ ಇವತ್ತಿಗೂ ತಿಳಿಯದು. ಆದರೆ ಆಗಷ್ಟೇ ಕೇಳಿದ್ದ ಮಾತು ನೆನಪಾಯಿತು, ವೈರು ಹಿಡಿದು ಎಳೆದರಂತೆ. ತಿರುಗಿ ಬಾಗಿಲಿಗೆ ಓಡಿ, ಸೆರಗು ಸುತ್ತಿದ ಕೈಯಲ್ಲಿ ವೈರು ಹಿಡಿದು ಮೈಯ ಭಾರವನ್ನೆಲ್ಲ ಹಾಕಿ ಎಳೆದೆ. ಪ್ಲಗ್ಗು ಕಿತ್ತು ನನ್ನ ಎದೆಗೆ ಬಡಿಯಿತು. ಹುಲ್ಲಿನ ಮೇಲೆ ಅತ್ತಿಗೆ ಬಿದ್ದ ಸದ್ದು ಕೇಳಿತು.

ಹನುಮಂತಣ್ಣ ಅವರನ್ನು ಮಗುವಿನ ಹಾಗೆ ಎತ್ತಿಕೊಂಡು ಆಟೋವರೆಗೆ ಓಡಿದ್ದು ನೆನಪಿದೆ. ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ನೋಡಿದರು. ಜೀವಕ್ಕೆ ಅಪಾಯವಿಲ್ಲ, ಒಂದು ದಿನ ಇಲ್ಲೇ ಇರಲಿ ಎಂದರು. ಎರಡೂ ಅಂಗೈಗೆ ಅಡ್ಡ ಸುಟ್ಟ ಗೆರೆ. ಡಾಕ್ಟರಮ್ಮ ಬ್ಯಾಂಡೇಜು ಸುತ್ತುತ್ತಾ, "ಮುಂಚೆ ಯಾರಿಗಾದ್ರೂ ಅದು ಶಾಕ್ ಹೊಡೀತಿತ್ತಾ?" ಎಂದು ಕೇಳಿದರು.

"ಸಣ್ಣದಾಗಿ ಜುಮ್ ಅಂತಿತ್ತು, ಅಷ್ಟೇ" ಎಂದೆ.

"ಅಷ್ಟೇ ಅಂತೀರಲ್ಲಮ್ಮ! ಆಗ ನೆಲ ಒಣಗಿದ್ದಿರ್ಬೇಕು, ಕಾಲಲ್ಲಿ ಚಪ್ಪಲಿ ಇದ್ದಿರ್ಬೇಕು, ಅದಕ್ಕೆ ಸಣ್ಣದಾಗಿತ್ತು. ಕರೆಂಟು ಅವತ್ತೂ ಇದೇ, ಇವತ್ತೂ ಇದೇ."

ನಮ್ಮ ಮನೆಯವರು ಸಂಜೆ ಫ್ಯಾಕ್ಟರಿಯಿಂದ ನೇರ ನಿನ್ನ ಹಿತ್ತಿಲಿಗೆ ಬಂದರು. ನಾನು ಬಟ್ಟೆ ಒಯ್ಯಲು ಬಂದಿದ್ದೆ. ಅವರು ನನ್ನನ್ನು ಮೆಟ್ಟಿಲಿನಿಂದ ಆಚೆಗೆ ನಿಲ್ಲಿಸಿ, ಸ್ವಿಚ್ಚು ಆರಿಸಿಯೇ ಪ್ಲಗ್ಗನ್ನು ಮತ್ತೆ ಚುಚ್ಚಿದರು. ಆಮೇಲೆ ಟೆಸ್ಟರಿನ ತುದಿಯನ್ನು ಪೈಪಿಗೆ ಮುಟ್ಟಿಸಿದರು. ಟೆಸ್ಟರಿನೊಳಗಿನ ದೀಪ ಹತ್ತಿತು. ಸ್ವಿಚ್ಚು ಆರಿದೆ, ದೀಪ ಉರಿಯುತ್ತಿದೆ! ಅವರು ಪ್ಲಗ್ಗು ಕಿತ್ತು, ಮೇನ್ ಸ್ವಿಚ್ಚು ಆರಿಸಿ, ನೀನು ಹಾಕಿದ ಬೋರ್ಡಿನ ಮುಚ್ಚಳ ಬಿಚ್ಚಿದರು. ಒಳಗಿನ ತಂತಿಗಳನ್ನು ಬೆರಳಿಟ್ಟು ತೋರಿಸಿದರು.

"ಕರೆಂಟು ಒಂದು ತಂತೀಲಿ ಬರ್ತದೆ, ಇನ್ನೊಂದ್ರಲ್ಲಿ ವಾಪಸ್ ಹೋಗ್ತದೆ ಕಮಲಾ. ಸ್ವಿಚ್ಚು ಬರೋ ತಂತಿಗೆ ಇರ್ಬೇಕು. ನಿಮ್ಮಣ್ಣ ಹೋಗೋ ತಂತಿಗೆ ಹಾಕಿಬಿಟ್ಟವ್ರೆ. ಆರಿಸಿದ್ರೆ ಮೋಟ್ರು ನಿಲ್ತದೆ. ಕರೆಂಟು ಮಾತ್ರ ಹಂಗೇ ಒಳಗೇ ಇರ್ತದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ವರ್ಷ ಆ ಹೆಂಗಸು ಉಸಿರು ಬಿಗಿಹಿಡಿದು, ಮಡಿಲ ಹೂವು ಬಾಡಿಸಿಕೊಂಡು, ನಿನ್ನ ಪ್ರಾಣವನ್ನು ತನ್ನ ಬೆರಳ ತುದಿಯಲ್ಲಿ ಹಿಡಿದುಕೊಂಡು ಕೂತಿದ್ದರಲ್ಲ, ಆ ಬೆರಳ ಕೆಳಗೆ ಏನೂ ಇರಲಿಲ್ಲ! ಆ ಯಂತ್ರ ನಿನ್ನನ್ನು ಮತ್ತೆ ಹಿಡಿದಿದ್ದರೆ ಅವರು ಸ್ವಿಚ್ಚು ಒತ್ತುತ್ತಿದ್ದರು, ಬ್ಲೇಡು ನಿಲ್ಲುತ್ತಿತ್ತು, ಮತ್ತೆ ನೀನು... ಟೈರಿನ ಚಪ್ಪಲಿಯೂ ಬಿಸಿಲೂ ನಿನ್ನನ್ನು ಉಳಿಸಿದ್ದು, ಅಣ್ಣ. ಇದನ್ನು ನಾನು ಯಾರಿಗೆ ಹೇಳಲಿ? ಯಾರನ್ನು ಬೈಯಲಿ? ನೀನೇ ನಿನ್ನ ಕೈಯಾರೆ ಮಾಡಿದ್ದಲ್ಲವಾ?

"ನಿಮ್ಮತ್ತಿಗೆಗೆ ಹೇಳ್ಬೇಡ" ಎಂದರು ನಮ್ಮ ಮನೆಯವರು. "ಒಡೆದು ಹೋಗ್ತಾರೆ." ನಾನೂ ಹೂಂ ಎಂದೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಅತ್ತಿಗೆ, ನಾನು ತುತ್ತು ಮಾಡಿ ತಿನ್ನಿಸುತ್ತಿದ್ದಾಗ, ಕೇಳಿಬಿಟ್ಟರು.

"ಸ್ವಿಚ್ ಆರಿಸ್ದೆ ನೀನು. ಸದ್ದು ನಿಂತಿದ್ದು ನಂಗೆ ಕೇಳಿಸ್ತು. ಆದ್ರೂ ಯಾಕೆ ಬಿಡ್ಲಿಲ್ಲ ಅದು?"

"ಮೊದ್ಲು ಊಟ ಮಾಡಿ" ಎಂದೆ. ಅವರು ಬಿಡಲಿಲ್ಲ. ಹೇಳಿದೆ. ಇಂಥದ್ದನ್ನು ಮುಚ್ಚಿಟ್ಟರೆ ನಾಳೆ ಇನ್ನೊಬ್ಬರು ಅದೇ ಸ್ವಿಚ್ಚನ್ನು ನಂಬುತ್ತಾರಲ್ಲ?

ಅವರು ಅಳಲಿಲ್ಲ. ಎದ್ದು ಹಿತ್ತಿಲ ಬಾಗಿಲಿಗೆ ಹೋಗಿ, ಬಿಚ್ಚಿದ್ದ ಬೋರ್ಡನ್ನು ನೋಡುತ್ತಾ ನಿಂತರು. "ಅವರು ಇದನ್ನ ಹಾಕೋವಾಗ ಟಾರ್ಚ್ ಹಿಡಿದಿದ್ದು ನಾನೇ ಕಣೇ" ಎಂದರು. ಆಮೇಲೆ ಮೆಟ್ಟಿಲಿನತ್ತ ತಿರುಗಿ, "ಹಂಗಾದ್ರೆ ಅಷ್ಟು ದಿನ ನಾನು ಸುಮ್ನೆ ಕೂತಿದ್ನಾ?"

"ಸುಮ್ನೆ ಅಲ್ಲ ಅತ್ತಿಗೆ..." ಎಂದೆ. ನೀನಿದ್ದಿದ್ದರೆ ಏನು ಹೇಳುತ್ತಿದ್ದೆ? ನಗುತ್ತಿದ್ದೆಯಾ?

ಅತ್ತಿಗೆ ಅಲ್ಲಿಂದ ನೇರ ಮಗ್ಗದ ಮನೆಗೆ ನಡೆದರು. ಬ್ಯಾಂಡೇಜಿನ ಕೈ ಎತ್ತಿ ಮಗ್ಗ ನಿಲ್ಲಿಸಿ ಎಂದು ಸನ್ನೆ ಮಾಡಿದರು. ಎಲ್ಲ ಮಗ್ಗಗಳೂ ನಿಂತವು. ಆ ಮೌನದಲ್ಲಿ ನನ್ನ ಕಿವಿ ಗುಂಯ್‌ಗುಟ್ಟಿತು. "ಇಲ್ಲಿ ಯಾರ್ಯಾರಿಗೆ ಜುಮ್ ಅಂತದೆ? ನಿಜ ಹೇಳಿ" ಎಂದರು. ಎಲ್ಲರೂ ಹನುಮಂತಣ್ಣನ ಮುಖ ನೋಡಿದರು. ಹನುಮಂತಣ್ಣ ಮೆಲ್ಲಗೆ ಕೈ ಎತ್ತಿದ. ಅವನ ಹಿಂದೆ ಒಬ್ಬೊಬ್ಬರಾಗಿ ಅಷ್ಟೂ ಜನ ಎತ್ತಿದರು. ನೂಲು ಸುತ್ತುವ ಹೆಂಗಸರೂ.

"ಮತ್ತೆ ಯಾಕ್ರಪ್ಪಾ ಯಾರೂ ಬಾಯಿ ಬಿಡ್ಲಿಲ್ಲ?"

"ಯಜಮಾನ್ರು ನಗೋರು ಕಣಮ್ಮ" ಎಂದ ಹನುಮಂತಣ್ಣ. "ಅವರ ಜೊತೆ ನಾನೂ ನಗ್ತಿದ್ದೆ. ಮನೇಗ್ ಹೋಗಿ ತೋಳು ಉಜ್ಜುಕೊಳ್ತಿದ್ದೆ."

ಇದು ನಿನ್ನನ್ನು ನೋಯಿಸಲು ಬರೆದದ್ದಲ್ಲ, ಅಣ್ಣ. ನಿನಗೆ ಧೈರ್ಯವಿತ್ತು, ಆ ಧೈರ್ಯ ಉಳಿದವರ ಬಾಯಿ ಕಟ್ಟುತ್ತಿದೆ ಎಂದು ನಿನಗೆ ಯಾರು ಹೇಳಬೇಕಿತ್ತು? ಅತ್ತಿಗೆ ಅವತ್ತು ಮಗ್ಗ ಮತ್ತೆ ಓಡಿಸಲು ಬಿಡಲಿಲ್ಲ. ನಮ್ಮ ಮನೆಯವರು ರಜೆ ಹಾಕಿದರು. ಹಿತ್ತಿಲಲ್ಲಿ, ನಿನ್ನ ಹುಲ್ಲಿನ ನಟ್ಟನಡುವೆ, ಸೋರುವ ಕರೆಂಟು ನೆಲಕ್ಕಿಳಿಯಲೆಂದು ಹನುಮಂತಣ್ಣನೇ ಅರ್ಥಿಂಗ್ ಗುಂಡಿ ತೋಡಿದ. ಇದ್ದಿಲು, ಉಪ್ಪು ಹಾಕಿ, ತಾಮ್ರದ ತಗಡು ಇಳಿಸಿ, ಅಲ್ಲಿಂದ ಪ್ರತಿ ಮಗ್ಗಕ್ಕೂ ತಂತಿ ಎಳೆದರು. ಎರಡು ಕಡ್ಡಿಯ ಪ್ಲಗ್ಗು ಮನೆಯಲ್ಲಿ ಒಂದೂ ಉಳಿದಿಲ್ಲ. ತಪ್ಪು ಸ್ವಿಚ್ಚು ಇನ್ನೂ ಎರಡು ಕಡೆ ಸಿಕ್ಕಿತು, ಒಂದು ಬಚ್ಚಲಲ್ಲಿ! ಹುಲ್ಲಿನ ಯಂತ್ರ ಬಿಚ್ಚಿ, ಮೋಟರನ್ನು ರಿಪೇರಿ ಮಾಡಿಸಿ ಅದರ ಹಳೆಯ ಜಾಗದಲ್ಲಿ ಕೂರಿಸಿದೆವು. ನಿನ್ನ ತಿಥಿಯ ದಿನ ಹುಲ್ಲು ಅರ್ಧ ಕತ್ತರಿಸಿ, ಅರ್ಧ ಕೆದರಿಕೊಂಡೇ ಇತ್ತು. ಬಂದವರಿಗೆ ಕಾರಣ ಹೇಳಲು ಅತ್ತಿಗೆಗೆ ಸಂಕೋಚವಾಗಲಿಲ್ಲ. ಎಲೆ ಹಾಕುವ ಮುಂಚೆ ಎಲ್ಲರಿಗೂ ಅಂಗೈ ತೋರಿಸಿಯೇ ಹೇಳಿದರು. ನಿನ್ನ ಹೆಸರು ಕೆಡಿಸಿದರು ಎಂದು ಯಾರೋ ಗೊಣಗಿದರಂತೆ. ಗೊಣಗಲಿ ಬಿಡು.

ಈಗ ಕೊನೆಯ ಸುದ್ದಿಯೊಂದನ್ನು ಹೇಳಿ ಮುಗಿಸುತ್ತೇನೆ. ನಿನ್ನೆ ಮಧ್ಯಾಹ್ನ ಮಗ್ಗಗಳು ಜೋರಾಗಿ ಓಡುತ್ತಿದ್ದಾಗ ಹನುಮಂತಣ್ಣ, "ಅಮ್ಮಾ! ಜುಮ್ ಅಂತು!" ಎಂದು ಕಿರುಚಿದ. ಅತ್ತಿಗೆ ಅಡುಗೆಮನೆಯಿಂದ ಓಡಿಬಂದು ಮೇನು ಎಳೆದರು. ಅರ್ಧ ನೇಯ್ದ ಸೀರೆಗಳು ಮಗ್ಗದಲ್ಲೇ ನಿಂತವು, ಮಗ್ಗದ ಮನೆಯೇ ಸ್ತಬ್ಧವಾಯಿತು. ನಮ್ಮ ಮನೆಯವರು ಟೆಸ್ಟರು ಹಿಡಿದು ಬಂದು ಮೂಲೆ ಮೂಲೆ ತಡಕಿದರು. ಎಲ್ಲೂ ಏನೂ ಇಲ್ಲ. ಕೊನೆಗೆ ಹನುಮಂತಣ್ಣನೇ ತೋಳು ಉಜ್ಜಿಕೊಳ್ಳುತ್ತಾ, ತನ್ನ ಮೊಳಕೈಯ ಗಿಣ್ಣು ಮಗ್ಗದ ಮರಕ್ಕೆ ತಾಗಿದ್ದಿರಬೇಕು, ಅದಕ್ಕೇ ಜುಮ್ ಎಂದಿರಬೇಕು ಎಂದು ತಲೆ ತಗ್ಗಿಸಿದ. ಎಲ್ಲ ಅಲ್ಲೇ ನಿಂತಿದ್ದೆವು, ನೇಯುವವರು, ಸುತ್ತುವವರು, ನಾನು. ಯಾರೂ ನಗಲಿಲ್ಲ ಅಣ್ಣ. ಅತ್ತಿಗೆ ಅವನ ಮೊಳಕೈ ಹಿಡಿದು ನೋಡಿ, "ಒಳ್ಳೇದು ಮಾಡ್ದೆ ಹನುಮಂತಣ್ಣ, ಹಿಂಗೇ ಕೂಗು" ಎಂದು ಹೇಳಿ, ಮತ್ತೆ ಮೇನು ಹಾಕಿದರು.

ನಿನ್ನ ತಂಗಿ,
ಕಮಲ